ನೀರೊಳಗಿನ ದಿಗಿಲು

ಕಡಲ ಕರೆಯಲ್ಲಿ ಹುಟ್ಟಿದವನಿಗೆ ನೀರಿನ ಹೆದರಿಕೆ ಇರಲಾರದೆಂದು ಘಟ್ಟದ ಮೇಲಿನವರು ತಿಳಿದಿರುತ್ತಾರೆ. ಹಾಗೇನೂ ಇಲ್ಲ. ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕರೆಯಲ್ಲಿ ದೋಣಿ ನೂಕಿ ಬದುಕುವವರನ್ನು ಬಿಟ್ಟರೆ, ಗುಡ್ಡದ ಬುಡದಲ್ಲಿ ಅಡಕೆ ತೋಟ ಮಾಡಿಕೊಂಡಿರುವ ಉಳಿದ ನಮಗೆಲ್ಲ ಕಡಲೆಂದರೆ ಬಸ್ಸಿನ ಕಿಟಿಕಿಯಲ್ಲಿ ಕಂಡು ಮರೆಯಾಗುವ ಒಂದು ನೀಲಿ ಗೆರೆ. ಅಮಾವಾಸ್ಯೆಯ ದಿನ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಮೂರು ಮುಳುಗು ಹಾಕುವ ಜಾಗ. ಅದಕ್ಕಿಂತ ಹೆಚ್ಚಿನ ಸಹವಾಸ ನಮಗೂ ಅದಕ್ಕೂ ಇಲ್ಲ.

ಇಂಥ ನಾನು ನನ್ನ 54ನೆಯ ಪ್ರಾಯದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅರಬಿ ಸಮುದ್ರದ ಒಳಗೆ ಇಳಿದೆನೆಂದರೆ ಅದಕ್ಕೆ ನನ್ನ ಅಕ್ಕನ ಮಗಳು ಕಾರಣ. ಮಂಗಳೂರಿನಲ್ಲಿ ನೌಕರಿಯಲ್ಲಿರುವ ಹುಡುಗಿ. ಸ್ಕೂಬಾ ಎಂಬ ಈ ವಿದ್ಯೆಯ ಹುಚ್ಚು ಅವಳಿಗೆ ಹೇಗೆ ಹಿಡಿಯಿತೋ ತಿಳಿಯದು. ಒಬ್ಬಳನ್ನೇ ಕಳುಹಿಸಲು ಅಕ್ಕನಿಗೆ ಮನಸ್ಸಿಲ್ಲ. "ಮಾವ, ನಿಮಗೆ ಈಜು ಬರುತ್ತದಲ್ಲ, ನೀವೇ ಬನ್ನಿ" ಎಂದಳು. ಈಜು ಬರುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದು ಬಂದ ಬಗೆಯನ್ನು ಅವಳಿಗೆ ನಾನು ಹೇಳಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಮನೆಯ ಹಿರಿಯರೊಬ್ಬರು ನನ್ನನ್ನು ತೋಟದ ಕೆರೆಗೆ ದೂಡಿದರು. ಆ ಕಾಲದ ಈಜಿನ ಪಾಠವೇ ಅದು. ದೂಡಿದರೆ ತಾನೇ ಕಲಿಯುತ್ತಾನೆ ಎಂಬ ನಂಬಿಕೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಸುರು ನೀರು ಮೂಗಿಗೆ ನುಗ್ಗಿದ್ದು, ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯದೆ ಕೈಕಾಲು ಬಡಿದದ್ದು, ದಂಡೆಯ ಮೇಲೆ ನಿಂತವರ ನಗು – ಇಷ್ಟು ನೆನಪಿದೆ. ಈಜು ಬಂತು. ಹೆದರಿಕೆಯೂ ಬಂತು. ಹೆದರಿಕೆಯನ್ನು ಹೇಳಿದರೆ ಇನ್ನಷ್ಟು ನಗುತ್ತಾರೆಂದು ಅದನ್ನು ಒಳಗೇ ಇಟ್ಟುಕೊಂಡೆ. ನಲುವತ್ತನಾಲ್ಕು ವರ್ಷ ಅದು ಅಲ್ಲೇ ಇತ್ತು.

ಮೀಸೆಯ ದೆಸೆಯಿಂದ

ಉತ್ತರ ಕನ್ನಡದ ಮುರುಡೇಶ್ವರದ ಕರೆಯಿಂದ ಸುಮಾರು 10 ನಾಟಿಕಲ್ ಮೈಲು, ಎಂದರೆ 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ಇಂಗ್ಲಿಷರ ನಕಾಶೆಗಳಲ್ಲಿ ಅದು ಪಿಜನ್ ಐಲೆಂಡ್. ಹಿಂದೆ ನಮ್ಮ ನೌಕಾಪಡೆ ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸುತ್ತಿದ್ದ ಬಂಡೆ ಅದು. ಸುತ್ತಲೂ ಹವಳ, ಬಣ್ಣಬಣ್ಣದ ಮೀನು, ತಿಳಿನೀರು. ಮಳೆಗಾಲ ಕಳೆದ ಮೇಲೆ ಅಲ್ಲಿಗೆ ದೋಣಿಗಳು ಹೋಗತೊಡಗುತ್ತವೆ. ಕಲಿಯದವರನ್ನು ಕೂಡ ಒಬ್ಬೊಬ್ಬ ಶಿಕ್ಷಕನ ಕೈಯಲ್ಲಿ ಒಬ್ಬೊಬ್ಬರಂತೆ ಒಪ್ಪಿಸಿ, ಹೆಚ್ಚೆಂದರೆ 12 ಮೀಟರಿನವರೆಗೆ ಇಳಿಸಿ ತೋರಿಸುವ ವ್ಯವಸ್ಥೆ ಉಂಟು.

ಹೋಗುವ ಮೊದಲು ನಮ್ಮ ಡಾಕ್ಟರರು ರಕ್ತದೊತ್ತಡ, ಕಿವಿ, ಎದೆ ಎಲ್ಲ ನೋಡಿ ಒಪ್ಪಿಗೆ ಕೊಟ್ಟರು. ದೋಣಿಯವರು ತುಂಬಲು ಕೊಟ್ಟ ಕಾಗದದಲ್ಲಿ ಆಸ್ತಮಾ ಇದೆಯೇ, ಹೃದ್ರೋಗ ಇದೆಯೇ, ಯಾವುದಾದರೂ ವಿಷಯದ ವಿಪರೀತ ಹೆದರಿಕೆ ಇದೆಯೇ ಎಂದೆಲ್ಲ ಕೇಳಿತ್ತು. ಕೊನೆಯ ಪ್ರಶ್ನೆಗೆ ನಾನು 'ಇಲ್ಲ' ಎಂದು ಬರೆದೆ. ಸೊಸೆ ಪಕ್ಕದಲ್ಲೇ ಕೂತು ನೋಡುತ್ತಿದ್ದಳು, ಬೇರೇನು ಬರೆಯಲಿ? ಅಂದು ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು.

ಶಿಕ್ಷಕ ಕಾರವಾರದ ಕಡೆಯ ಹುಡುಗ, ಹೆಚ್ಚೆಂದರೆ ಇಪ್ಪತ್ತೇಳು ವರ್ಷ. ದೋಣಿಯ ಹಗ್ಗ ಹಿಡಿದು ಮೆಲ್ಲಗೆ ಇಳಿಸಿದ. ಕಿವಿ ನೋಯುವ ಮೊದಲೇ ಮೂಗು ಹಿಡಿದು ಒಳಗಿನಿಂದ ಊದಬೇಕೆಂದು ಹೇಳಿಕೊಟ್ಟಿದ್ದ, ಹಾಗೇ ಮಾಡಿದೆ. ಆರು ಮೀಟರಿನವರೆಗೆ ಎಲ್ಲವೂ ಚೆನ್ನಾಗಿತ್ತು. ಹಳದಿ ಪಟ್ಟೆಯ ಮೀನಿನ ಒಂದು ಗುಂಪು ಮುಖದ ಮುಂದಿನಿಂದಲೇ ಹಾದುಹೋಯಿತು. ನನಗೆ ನಗು ಬಂತು. ನಕ್ಕಾಗ ಕೆನ್ನೆ ಮಡಚಿತು, ಮೊದಲೇ ನನ್ನ ದಪ್ಪ ಮೀಸೆಯಿಂದ ಸರಿಯಾಗಿ ಅಂಟದೆ ಇದ್ದ ಮುಖದ ಮಾಸ್ಕಿನ ಅಂಚು ಎದ್ದಿತು, ನೀರು ಒಳಗೆ ಬಂತು. ಮೂಗಿನ ಮಟ್ಟಕ್ಕೆ ಬಂದದ್ದೇ ತಡ, ನಾನು ಹತ್ತು ವರ್ಷದವನಾದೆ.

ಬಾಯಿಯಲ್ಲಿ ರೆಗ್ಯುಲೇಟರ್ ಇತ್ತು, ಸಿಲಿಂಡರಿನಲ್ಲಿ ಬೇಕಾದಷ್ಟು ಗಾಳಿ ಇತ್ತು. ಆದರೂ ನನಗೆ ಗಾಳಿ ಸಿಗುತ್ತಿಲ್ಲ ಎಂದೇ ತೋರಿತು. ಮಾಸ್ಕನ್ನು ಕಿತ್ತೊಗೆಯಬೇಕೆಂದು ಒಂದು ಕೈ ಹೋಯಿತು, ಮೇಲಕ್ಕೆ ಹಾರಲು ಕಾಲು ಒದ್ದವು. ಆ ಹುಡುಗ ನನ್ನ ಹೆಗಲ ಪಟ್ಟಿ ಹಿಡಿದವನು ಬಿಡಲಿಲ್ಲ. ಇನ್ನೊಂದು ಕೈಯಿಂದ ನನ್ನ ರೆಗ್ಯುಲೇಟರನ್ನು ಬಾಯಿಗೆ ಒತ್ತಿ ಹಿಡಿದ. ತನ್ನ ಮುಖವನ್ನು ನನ್ನ ಮುಖದ ಹತ್ತಿರ ತಂದು ಉದ್ದಕ್ಕೆ ಗುಳ್ಳೆ ಬಿಟ್ಟ, ಮತ್ತೆ ಬಿಟ್ಟ. ನಾನು ಅವನನ್ನು ನೋಡುತ್ತಾ ಹಾಗೇ ಬಿಟ್ಟೆ. ಆಮೇಲೆ ನಿಧಾನವಾಗಿ, ಹಗ್ಗದ ಪಕ್ಕದಲ್ಲೇ, ಮೇಲಕ್ಕೆ ಕರೆತಂದ. ಎಲ್ಲ ಸೇರಿ ಎರಡು ಮೂರು ನಿಮಿಷದ ಸಂಗತಿ. ದೋಣಿ ಹತ್ತಿ ಬೆಳಗ್ಗೆ ತಿಂದ ಇಡ್ಲಿಯನ್ನೆಲ್ಲ ಕಡಲಿಗೆ ಒಪ್ಪಿಸಿದೆ.

ಉಸಿರು ಬಿಡದವನಿಗೆ ಉಸಿರು ಸಿಗದು

ದೋಣಿಯಲ್ಲಿ ಕೂತಾಗಲೂ, ಊರಿಗೆ ಮರಳಿದ ಮೇಲೂ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಗಾಳಿ ಇತ್ತಲ್ಲ? ಮತ್ತೆ ಯಾಕೆ ಸಿಗಲಿಲ್ಲ? ಆ ಹುಡುಗ ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇನೆ. ನೀರಿಗೆ ಇಳಿಯುವ ಯೋಚನೆ ಇಲ್ಲದವರಿಗೂ ಇದರಲ್ಲಿ ಪ್ರಯೋಜನವಿರಬಹುದು.

ಮೊದಲು ಈ ಯಂತ್ರದ ಮಾತು. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ 1943ರಲ್ಲಿ, ಮಹಾಯುದ್ಧದ ನಡುವೆ, ಇದನ್ನು ರೂಪಿಸಿದರು. ಪೆಟ್ರೋಲಿಗೆ ತತ್ವಾರವಾಗಿದ್ದ ಆ ದಿನಗಳಲ್ಲಿ ಮೋಟಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾಂ ಮಾಡಿದ್ದ ಕವಾಟವನ್ನೇ ತಿದ್ದಿ ಮನುಷ್ಯನ ಬಾಯಿಗೆ ಇಟ್ಟರು. ಎಷ್ಟು ಆಳದಲ್ಲಿದ್ದೇವೋ ಅಲ್ಲಿನ ನೀರಿನ ಒತ್ತಡಕ್ಕೆ ಸರಿಯಾಗಿ, ನಾವು ಎಳೆದಾಗ ಮಾತ್ರ, ಅದು ಗಾಳಿ ಕೊಡುತ್ತದೆ. ಕೇಳಿದಷ್ಟು ಕೊಡುವ, ಕೇಳದಿದ್ದರೆ ಸುಮ್ಮನಿರುವ ಯಂತ್ರ. ಅದರ ಕಡೆಯಿಂದ ಅಂದು ಏನೂ ತಪ್ಪಾಗಿರಲಿಲ್ಲ.

ತಪ್ಪಾದದ್ದು ನನ್ನ ಎದೆಯೊಳಗೆ. ನಾವು ಸಾಧಾರಣವಾಗಿ ಒಂದು ಸಲ ಉಸಿರೆಳೆದಾಗ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ 150ರಷ್ಟು ಗಂಟಲು ಮತ್ತು ಶ್ವಾಸನಾಳಗಳಲ್ಲೇ ಉಳಿಯುತ್ತದೆ, ರಕ್ತಕ್ಕೆ ತಲುಪುವುದಿಲ್ಲ. ನಿಮಿಷಕ್ಕೆ 12 ಸಲ ಹೀಗೆ ಉಸಿರಾಡಿದರೆ ಕೆಲಸಕ್ಕೆ ಬರುವ ಗಾಳಿ 4200 ಮಿಲಿಲೀಟರ್. ಈಗ ಹೆದರಿದವನನ್ನು ನೋಡಿ. ನಿಮಿಷಕ್ಕೆ 24 ಸಲ, ಆದರೆ ಒಂದೊಂದು ಸಲಕ್ಕೆ 250 ಮಾತ್ರ. ಎಳೆದ ಒಟ್ಟು ಗಾಳಿ ಅಷ್ಟೇ. ಆದರೆ ಪ್ರತಿ ಸಲವೂ 150 ವ್ಯರ್ಥವಾಗಿ, ಕೆಲಸಕ್ಕೆ ಬಂದದ್ದು 2400. ಎದುಸಿರು ಬಿಟ್ಟಷ್ಟೂ ಅವನು ಬಡವನಾಗುತ್ತಾನೆ. ಅಂಗಡಿಯಲ್ಲಿ ದಿನವಿಡೀ ಓಡಾಡಿಯೂ ಸಂಜೆ ಗಲ್ಲೆ ಖಾಲಿ ಇದ್ದ ಹಾಗೆ.

ಕೊರತೆಯಾಗುವುದು ಆಮ್ಲಜನಕ ಎಂದು ನಾವು ತಿಳಿಯುತ್ತೇವೆ. ಅದಕ್ಕಿಂತ ಮೊದಲು ಆಗುವುದು ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೇ ಶೇಖರವಾಗುವುದು. ಉಸಿರು ಕಟ್ಟಿದಾಗ ಎದೆಯಲ್ಲಿ ಏಳುವ ಸಂಕಟ ಇದರದೇ. ಈ ಅನಿಲ ರಕ್ತದಲ್ಲಿ ಏರಿದರೆ ಮಿದುಳು ಅಪಾಯದ ಗಂಟೆ ಬಾರಿಸುತ್ತದೆ. ಹೆದರಿಕೆ ಇಲ್ಲದವನಿಗೂ ಹೆದರಿಕೆ ಹುಟ್ಟುತ್ತದೆ. ಹೆದರಿದವನು ಇನ್ನಷ್ಟು ಬೇಗ, ಇನ್ನಷ್ಟು ಮೇಲುಮೇಲೆ ಉಸಿರಾಡುತ್ತಾನೆ. ಅನಿಲ ಇನ್ನಷ್ಟು ಸೇರುತ್ತದೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ. ಜೊತೆಗೆ 10 ಮೀಟರ್ ಆಳದಲ್ಲಿ ಗಾಳಿ ಮೇಲಿನದಕ್ಕಿಂತ ಎರಡು ಪಟ್ಟು ದಟ್ಟ. ಎಳೆಯಲು, ಬಿಡಲು ಶ್ರಮವೂ ಹೆಚ್ಚು.

ಇದರಿಂದ ಪಾರಾಗುವ ಬಾಗಿಲು ಉಸಿರು ಎಳೆಯುವುದರಲ್ಲಿ ಇಲ್ಲ, ಬಿಡುವುದರಲ್ಲಿದೆ. ದಿಗಿಲುಗೊಂಡವನು ಎಳೆದದ್ದನ್ನು ಪೂರ್ತಿ ಬಿಟ್ಟಿರುವುದಿಲ್ಲ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿಯಲು ನೋಡಿ, ಹಿಡಿಯುತ್ತಿಲ್ಲವಲ್ಲ ಎಂದು ಗೋಳಾಡುತ್ತಾನೆ. ಆ ಹುಡುಗ ನನ್ನ ಮುಖದೆದುರು ಗುಳ್ಳೆ ಬಿಟ್ಟು ತೋರಿಸಿದ್ದು ಇದಕ್ಕೇ. ಕೊಡ ಖಾಲಿಯಾಯಿತು, ಗಾಳಿ ಬಂತು.

ಸಿಲಿಂಡರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 12 ಲೀಟರ್ ಹಿಡಿಯುವ ಸಿಲಿಂಡರಿನಲ್ಲಿ 200 ಪಟ್ಟು ಒತ್ತಿ ತುಂಬಿದ ಗಾಳಿ ಎಂದರೆ ಮೇಲಿನ ಅಳತೆಯಲ್ಲಿ 2400 ಲೀಟರ್. ಸಮಾಧಾನದಲ್ಲಿರುವವನಿಗೆ ನಿಮಿಷಕ್ಕೆ 20 ಲೀಟರ್ ಸಾಕೆಂದು ಇಟ್ಟುಕೊಳ್ಳೋಣ. 10 ಮೀಟರಿನಲ್ಲಿ ಅದು 40 ಆಗುತ್ತದೆ. ಒಂದು ಗಂಟೆಯ ಗಾಳಿ. ಗಾಬರಿಯಲ್ಲಿ ನಿಮಿಷಕ್ಕೆ 50 ಎಳೆದರೆ ಅಲ್ಲಿ 100 ಖರ್ಚು, 24 ನಿಮಿಷಕ್ಕೆ ಮುಗಿಯಿತು. ಕಾಲು ಭಾಗವನ್ನು ಮುಟ್ಟದೆ ಉಳಿಸಿ ಮೇಲೆ ಬರಬೇಕೆಂಬ ರೂಢಿ ಬೇರೆ ಇದೆ. ಧೈರ್ಯಕ್ಕೆ ಲೀಟರಿನಲ್ಲಿ ಬೆಲೆ ಕಟ್ಟಲು ಬರುತ್ತದೆಂದು ನನಗೆ ಇದುವರೆಗೆ ಗೊತ್ತಿರಲಿಲ್ಲ.

ಮೇಲಕ್ಕೆ ಹಾರಿದ್ದರೆ

ಹುಡುಗ ನನ್ನ ಹೆಗಲ ಪಟ್ಟಿ ಬಿಡದಿದ್ದುದಕ್ಕೆ ಇನ್ನೂ ಗಂಭೀರವಾದ ಕಾರಣವಿದೆ. ನಮ್ಮ ಜಿಲ್ಲೆಯ ಕರೆಯಲ್ಲಿ ಕಲ್ಲುಮ್ಮಕಾಯಿ ಕೀಳುವವರು ಒಂದೇ ಉಸಿರು ಕಟ್ಟಿ ಮುಳುಗುತ್ತಾರೆ, ಅದೇ ಉಸಿರಿನಲ್ಲಿ ಮೇಲೆ ಬರುತ್ತಾರೆ. ಅವರ ಎದೆಯೊಳಗಿನ ಗಾಳಿ ಆಳಕ್ಕೆ ಹೋದಂತೆ ಕುಗ್ಗಿ, ಮೇಲೆ ಬರುವಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದವನ ಕತೆ ಹಾಗಲ್ಲ. ಅವನು 10 ಮೀಟರ್ ಆಳದಲ್ಲಿ ಎದೆ ತುಂಬ ಎಳೆದ ಗಾಳಿ ಅಲ್ಲಿನ ಒತ್ತಡದ ಗಾಳಿ. ಉಸಿರು ಬಿಗಿಹಿಡಿದು ಮೇಲಕ್ಕೆ ಹಾರಿದರೆ ಅದೇ ಗಾಳಿ ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ಹಿಗ್ಗಲಾರದು. ಅದು ಹರಿದು ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಇದಕ್ಕೆ ಎರಡು ಮೀಟರಿಗಿಂತ ಕಡಿಮೆ ಆಳವೂ ಸಾಕಂತೆ. ಆದ್ದರಿಂದ ಈ ವಿದ್ಯೆಯ ಮೊದಲನೆಯ ಪಾಠ: ಯಾವ ಕಾರಣಕ್ಕೂ ಉಸಿರು ಕಟ್ಟಬಾರದು. ಎರಡನೆಯದು: ಮೇಲೆ ಬರುವಾಗ ನಿಮಿಷಕ್ಕೆ 9 ಮೀಟರಿಗಿಂತ ಬೇಗ ಬರಬಾರದು. ದಿಗಿಲಿನವನು ಮಾಡುವುದು ಸರಿಯಾಗಿ ಈ ಎರಡನ್ನೇ.

ನೆಲದ ಮೇಲೆ ಹೆದರಿಕೆ ನಮ್ಮನ್ನು ಕಾಪಾಡುತ್ತದೆ. ಹಾವು ಕಂಡರೆ ಹಾರುತ್ತೇವೆ, ಬದುಕುತ್ತೇವೆ. ಉಸಿರು ಬಿಗಿಹಿಡಿ, ಮುಖಕ್ಕೆ ಅಂಟಿಕೊಂಡದ್ದನ್ನು ಕಿತ್ತುಹಾಕು, ಬೆಳಕಿನ ಕಡೆಗೆ ಓಡು – ದೇಹಕ್ಕೆ ಗೊತ್ತಿರುವ ಉಪಾಯಗಳು ಇವೇ. ನೀರಡಿಯಲ್ಲಿ ಈ ಮೂರೂ ಕೊಲ್ಲುವಂಥವು. ಮುಳುಗಿ ಸತ್ತವರನ್ನು ಮೇಲೆತ್ತಿದಾಗ ಎಷ್ಟೋ ಸಲ ಸಿಲಿಂಡರಿನಲ್ಲಿ ಗಾಳಿ ಉಳಿದಿರುವುದು, ಬಿಚ್ಚಿ ಎಸೆದಿದ್ದರೆ ತೇಲಿಸಬಹುದಾಗಿದ್ದ ಸೀಸದ ತೂಕದ ಪಟ್ಟಿ ಸೊಂಟದಲ್ಲೇ ಇರುವುದು ಕಂಡುಬಂದಿದೆ.

ಹೊಸಬರಿಗೆ ಮಾತ್ರ ಹೀಗಾಗುತ್ತದೆಂದು ತಿಳಿಯಬಾರದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವಿಲಿಯಂ ಮಾರ್ಗನ್ ಮುಳುಗುಗಾರರನ್ನು ವಿಚಾರಿಸಿದಾಗ, ಒಂದಲ್ಲ ಒಂದು ಸಲ ದಿಗಿಲಿಗೆ ಅಥವಾ ಅದರ ಅಂಚಿಗೆ ಹೋಗಿ ಬಂದೆವೆಂದು ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿಕೊಂಡರು. ರನ್ನನ 'ಗದಾಯುದ್ಧ'ದಲ್ಲಿ ಸರೋವರದ ತಣ್ಣೀರಿನಲ್ಲಿ ಅಡಗಿದ್ದ ದುರ್ಯೋಧನನಿಗೆ ಭೀಮನ ಅಬ್ಬರ ಕೇಳಿ ಬೆವರು ಬರುತ್ತದೆ. ಶಾಲೆಯಲ್ಲಿ ಮೂವತ್ತು ವರ್ಷ ನಾನು ಅದನ್ನು ಕವಿಯ ಚಮತ್ಕಾರವೆಂದು ಪಾಠ ಮಾಡಿದವನು. ನೇತ್ರಾಣಿಯ ನಂತರ ಆ ಮಾತಿನಲ್ಲಿ ಚಮತ್ಕಾರಕ್ಕಿಂತ ಬೇರೇನೋ ಕಾಣುತ್ತಿದೆ.

ಗುಹೆಯ ಹುಡುಗರು

ನೀರೊಳಗೆ ದಿಗಿಲೆಂಬುದು ಎಷ್ಟರ ಮಟ್ಟಿನ ವೈರಿ ಎಂಬುದಕ್ಕೆ 2018ರ ಥಾಯ್ಲೆಂಡಿನ ಘಟನೆಗಿಂತ ಬೇರೆ ಸಾಕ್ಷಿ ಬೇಡ. ಆ ವರ್ಷ ಜೂನ್ 23ರಂದು ಫುಟ್‌ಬಾಲ್ ತಂಡದ 12 ಹುಡುಗರೂ ಅವರ ತರಬೇತುದಾರನೂ ಥಾಮ್ ಲುವಾಂಗ್ ಎಂಬ ಗುಹೆಯನ್ನು ಹೊಕ್ಕರು. ಮಳೆ ಬಂತು, ದಾರಿಯಲ್ಲಿ ನೀರು ತುಂಬಿತು. ಬ್ರಿಟನ್ನಿನ ಗುಹಾಮುಳುಗುಗಾರರಾದ ರಿಕ್ ಸ್ಟ್ಯಾಂಟನ್ ಮತ್ತು ಜಾನ್ ವೊಲಾಂಥನ್ ಅವರನ್ನು ಕಂಡದ್ದು ಜುಲೈ 2ರಂದು. ಅಲ್ಲಿಯವರೆಗೆ ತರಬೇತುದಾರ – ಹಿಂದೆ ಬೌದ್ಧ ವಿಹಾರದಲ್ಲಿದ್ದವನು – ಕತ್ತಲೆಯಲ್ಲಿ ಹುಡುಗರನ್ನು ಧ್ಯಾನಕ್ಕೆ ಕೂರಿಸಿ ಸಮಾಧಾನದಲ್ಲಿಟ್ಟಿದ್ದ.

ಕೂತಿರಲು ಆ ಸಮಾಧಾನ ಸಾಕಾಯಿತು. ಕೆಸರು ನೀರಿನಲ್ಲಿ, ಕೈ ಕಾಣದ ಕತ್ತಲೆಯಲ್ಲಿ, ಇಕ್ಕಟ್ಟಾದ ಸಂದುಗಳ ಮೂಲಕ ಗಂಟೆಗಟ್ಟಲೆ ಬರಲು ಅದು ಸಾಲದೆಂದು ಈ ಇಬ್ಬರಿಗೆ ಗೊತ್ತಿತ್ತು. ಅದಕ್ಕೆ ಮೊದಲು ಅದೇ ಗುಹೆಯಲ್ಲಿ ಸಿಕ್ಕಿಬಿದ್ದಿದ್ದ ನಾಲ್ವರು ಕೆಲಸಗಾರರನ್ನು ಅವರು ಸ್ವಲ್ಪವೇ ದೂರ ನೀರಡಿಯಲ್ಲಿ ಕರೆತಂದಿದ್ದರು. ಅವರು ಬೆಳೆದ ಗಂಡಸರು; ಅಷ್ಟು ದೂರಕ್ಕೇ ದಿಗಿಲುಗೊಂಡು ಸೆಣಸಾಡಿದ್ದರು. ಜುಲೈ 6ರಂದು ಗುಹೆಯಲ್ಲಿ ಸಿಲಿಂಡರುಗಳನ್ನು ಇರಿಸಿ ಮರಳುತ್ತಿದ್ದ ಸಮನ್ ಕುನಾನ್ ಎಂಬ ನುರಿತ ಮಾಜಿ ನೌಕಾಯೋಧ ತೀರಿಕೊಂಡ. ಹುಡುಗರಲ್ಲಿ ಒಬ್ಬ ನಡುದಾರಿಯಲ್ಲಿ ಮಾಸ್ಕ್ ಕಿತ್ತರೆ ಅವನೂ ಉಳಿಯುವುದಿಲ್ಲ, ಕರೆತರುವವನೂ ಉಳಿಯುವುದಿಲ್ಲ.

ಆಸ್ಟ್ರೇಲಿಯದ ರಿಚರ್ಡ್ ಹ್ಯಾರಿಸ್ ಅರಿವಳಿಕೆ ತಜ್ಞ, ಗುಹಾಮುಳುಗುಗಾರನೂ ಹೌದು. ಆತ ಹುಡುಗರಿಗೆ ಮೊದಲು ಆತಂಕ ತಗ್ಗಿಸುವ ಮಾತ್ರೆ ಕೊಟ್ಟು, ಆಮೇಲೆ ಕೆಟಮಿನ್ ಚುಚ್ಚಿ ಎಚ್ಚರ ತಪ್ಪಿಸಿದ. ಮುಖ ಪೂರ್ತಿ ಮುಚ್ಚುವ ಮಾಸ್ಕ್ ಹಾಕಿ, ಕೈಗಳನ್ನು ಹಿಂದಕ್ಕೆ ಕಟ್ಟಿ, ಒಬ್ಬೊಬ್ಬ ಹುಡುಗನನ್ನು ಒಬ್ಬೊಬ್ಬ ಮುಳುಗುಗಾರನ ಕೈಗೆ ಕೊಟ್ಟರು. ದಾರಿಯಲ್ಲಿ ಎಚ್ಚರವಾಗತೊಡಗಿದರೆ ಮತ್ತೆ ಚುಚ್ಚಬೇಕು. ಇದು ಫಲಿಸುತ್ತದೆಂದು ಹ್ಯಾರಿಸನಿಗೇ ನಂಬಿಕೆ ಇರಲಿಲ್ಲ. ಜುಲೈ 8, 9, 10ರಂದು ಹದಿಮೂರು ಮಂದಿಯೂ ಜೀವಂತ ಹೊರಬಂದರು. ನೀರಿಗಿಂತ, ಬಂಡೆಗಿಂತ, ಕತ್ತಲೆಗಿಂತ ಹುಡುಗರ ಎಚ್ಚರವೇ ಅಲ್ಲಿ ದೊಡ್ಡ ಅಪಾಯವಾಗಿತ್ತು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗೆಂದು ಹೆದರಿಕೆಗೆ ಮಾತ್ರೆ ನುಂಗಿ ಕಡಲಿಗೆ ಇಳಿಯೋಣವೆಂದು ಯಾರೂ ಯೋಚಿಸಬೇಡಿ. ಅಲ್ಲಿ ಬೇರೆ ದಾರಿ ಇರಲಿಲ್ಲ, ಪಕ್ಕದಲ್ಲಿ ವೈದ್ಯರಿದ್ದರು. ಮಂಪರು ತರುವ ಮಾತ್ರೆಯಾಗಲಿ ಒಂದು ಗುಟುಕು ಧೈರ್ಯದ ನೀರಾಗಲಿ ಮುಳುಗುವವನ ಹೊಟ್ಟೆಯಲ್ಲಿ ಇರಲೇಬಾರದು.

ದೀಪ ಸಣ್ಣಗಾದರೆ

ಮತ್ತೆ ನಮ್ಮ ದೋಣಿಗೆ ಬರೋಣ. ನಾನು ಹಲಗೆಯ ಮೇಲೆ ಟವೆಲು ಹೊದ್ದು ಕೂತಿದ್ದೆ. ಸೊಸೆ ತನ್ನ ಸರದಿ ಮುಗಿಸಿ ಮೇಲೆ ಬಂದಳು; ಆಮೆ ಕಂಡಿತಂತೆ. ನನ್ನ ಮುಖ ನೋಡಿ ಆಮೆಯ ವಿಷಯ ನಿಲ್ಲಿಸಿದಳು. ಆಗ ಕೆರೆಯ ಕತೆಯನ್ನು ಹೇಳಿದೆ. ಹೆಂಡತಿಗೂ ಪೂರ್ತಿ ಹೇಳಿರದ ಕತೆ. ಶಿಕ್ಷಕ ಹುಡುಗನೂ ಕೇಳಿಸಿಕೊಂಡ. "ಸರ್, ಇದನ್ನು ಕಾಗದದಲ್ಲಿ ಬರೆದಿದ್ದರೆ ನಿಮ್ಮನ್ನು ಬಿಟ್ಟು ಬರುತ್ತಿರಲಿಲ್ಲ. ಸೊಂಟ ಮಟ್ಟದ ನೀರಿನಲ್ಲಿ ಮೊದಲು ಮೂಗಿಗೆ ನೀರು ಹೊಗಿಸಿ ಅಭ್ಯಾಸ ಮಾಡಿಸುತ್ತಿದ್ದೆ" ಎಂದ. ಹೆದರುವವರು ಬಂದರೆ ತನಗೆ ಕಷ್ಟವಿಲ್ಲ, ಹೆದರಿಕೆ ಇಲ್ಲವೆನ್ನುವವರದ್ದೇ ಕಷ್ಟ ಎಂದೂ ಸೇರಿಸಿದ.

ಆ ಮಾತಿಗೆ ನನಗೆ ಊರಿನ ಒಬ್ಬ ಮುದುಕನ ನೆನಪಾಯಿತು. ನಮ್ಮ ಬಾಯಾರು, ಪೈವಳಿಕೆ, ಎಣ್ಮಕಜೆಯ ಕಡೆಯವರಿಗೆ ಸುರಂಗವೆಂದರೆ ವಿವರಿಸಬೇಕಾಗಿಲ್ಲ: ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ತೋಡಿ ನೀರಿನ ಒರತೆ ಹುಡುಕುವುದು. ನಮ್ಮ ಮನೆಯ ಸುರಂಗ ತೋಡಿದ ಆ ಮುದುಕ ಒಳಗೆ ಮೇಣದ ಬತ್ತಿ ಹಚ್ಚಿಟ್ಟು ಕೆಲಸ ಮಾಡುತ್ತಿದ್ದ. ಬೆಳಕಿಗಿಂತ ಹೆಚ್ಚಾಗಿ ಅದು ಗಾಳಿಯ ಪರೀಕ್ಷೆಗೆ. "ದೀಪ ಸಣ್ಣಗಾದರೆ ಹೊರಗೆ ಬಂದುಬಿಡಬೇಕು ಧನಿ. ನಾಳೆ ಪುನಃ ಹೋದರಾಯಿತು. ಗುಡ್ಡ ಎಲ್ಲಿಗೂ ಓಡುವುದಿಲ್ಲ" ಎನ್ನುತ್ತಿದ್ದ. ಅವನನ್ನು ಪುಕ್ಕಲನೆಂದು ಯಾರೂ ಕರೆದದ್ದಿಲ್ಲ.

ಮುಳುಗುಗಾರರಲ್ಲೂ ಇಂಥದೊಂದು ಕಟ್ಟಳೆಯಿದೆ. ಹೆಬ್ಬೆರಳನ್ನು ಮೇಲಕ್ಕೆ ತೋರಿಸಿದರೆ ಮೇಲೆ ಹೋಗೋಣ ಎಂದರ್ಥ. (ಎಲ್ಲ ಚೆನ್ನಾಗಿದೆ ಎನ್ನಲು ಹೆಬ್ಬೆರಳಿಗೂ ತೋರುಬೆರಳಿಗೂ ಉಂಗುರ ಮಾಡಬೇಕು. ಫೋಟೋಗೆ ಪೋಸು ಕೊಡುವ ಅಭ್ಯಾಸದಲ್ಲಿ ಹೆಬ್ಬೆರಳು ಎತ್ತಿ, ಇಳಿದ ಕೂಡಲೇ ಮೇಲೆ ಬಂದವರು ಎಷ್ಟೋ ಮಂದಿ!) ಯಾರು ಬೇಕಾದರೂ, ಯಾವಾಗ ಬೇಕಾದರೂ ಆ ಸಂಜ್ಞೆ ಮಾಡಬಹುದು. ಕಾರಣ ಕೊಡಬೇಕಾಗಿಲ್ಲ. ಜೊತೆಯವರು ಅಲ್ಲೂ ಪ್ರಶ್ನಿಸುವಂತಿಲ್ಲ, ಮೇಲೆ ಬಂದ ಮೇಲೆ ಹಂಗಿಸುವಂತಿಲ್ಲ. ಬಾಗಿಲು ತೆರೆದಿದೆಯೆಂದು ಗೊತ್ತಿದ್ದರೆ ಕೋಣೆಯೊಳಗೆ ಕೂರುವುದು ಸುಲಭ, ಇದೂ ಹಾಗೆಯೇ.

ಮಿಕ್ಕ ಉಪಾಯಗಳನ್ನು ಅವನು ಹೇಳಿದಂತೆಯೇ ಇಡುತ್ತೇನೆ. ಗಾಬರಿಯ ಮೊದಲ ಸುಳಿವು ಸಿಕ್ಕಿದಾಗಲೇ ಈಜುವುದನ್ನು ನಿಲ್ಲಿಸಿ, ಹಗ್ಗವನ್ನೋ ಜೊತೆಯವರ ಕೈಯನ್ನೋ ಹಿಡಿಯಬೇಕು. ಉದ್ದಕ್ಕೆ ಉಸಿರು ಬಿಡಬೇಕು, ಎರಡು ಮೂರು ಸಲ. ಆಮೇಲೆ ಯೋಚನೆ, ಅದರ ನಂತರ ಕೆಲಸ. ಈ ಕ್ರಮ ತಪ್ಪಬಾರದು. ಉಸಿರು ಸರಿಯಾಗದೆ ಬುದ್ಧಿ ಓಡದು. ಮಾಸ್ಕಿಗೆ ನೀರು ಬಂದರೆ ಅದರ ಮೇಲಂಚನ್ನು ಹಣೆಗೆ ಒತ್ತಿ, ಸ್ವಲ್ಪ ಮೇಲೆ ನೋಡುತ್ತಾ ಮೂಗಿನಿಂದ ಊದಿದರೆ ನೀರು ಕೆಳಗಿನಿಂದ ಹೊರಹೋಗುತ್ತದೆ. ಓದಲು ಸುಲಭ. ಆದರೆ ನೀರು ಮೂಗಿನ ಬಳಿ ಇರುವಾಗ ಬಾಯಿಯಿಂದ ಮಾತ್ರ ಉಸಿರೆಳೆಯುವುದನ್ನು ಕೈಗೆ ಕಾಲಿಗೆ ಕಲಿಸಿದಂತೆ ಮೂಗಿಗೂ ಕಲಿಸಬೇಕು. ನಿಂತರೆ ತಲೆ ಮೇಲೆ ಬರುವಂಥ ನೀರಿನಲ್ಲಿ, ಹತ್ತಾರು ಸಲ, ಬೇಸರ ಬರುವವರೆಗೆ. ಬೇಸರ ಬಂದ ವಿಷಯಕ್ಕೆ ಯಾರೂ ದಿಗಿಲುಗೊಳ್ಳುವುದಿಲ್ಲ.

ಇನ್ನೊಂದು ಮಾತು ನನ್ನದು. ಎಲ್ಲ ಹೆದರಿಕೆಯೂ ಗೆಲ್ಲಬೇಕಾದದ್ದಲ್ಲ. ಕಡಲು ಏಳುತ್ತಿದೆ, ಸಾಮಾನು ಹಳತಾಗಿ ಕಾಣುತ್ತಿದೆ, ಒಬ್ಬ ಶಿಕ್ಷಕನ ಕೈಯಲ್ಲಿ ನಾಲ್ಕಾರು ಹೊಸಬರಿದ್ದಾರೆ, ಮೈ ಚೆನ್ನಾಗಿಲ್ಲ – ಆಗ ಒಳಗಿನಿಂದ ಬೇಡವೆನ್ನುವ ದನಿ ಬುದ್ಧಿಯದೇ. ಕೊಟ್ಟ ಹಣ ಹೋದೀತೆಂದು ಅದನ್ನು ಅದುಮಬಾರದು.

ನನ್ನ ವಿಷಯದಲ್ಲಿ ಅಂದು ಕಡಲು ಶಾಂತವಾಗಿತ್ತು. ದೋಣಿ ಹೊರಡಲು ಇನ್ನೂ ಒಂದು ಗಂಟೆ ಇತ್ತು. "ಮಾವ, ಬೇಡವಾದರೆ ಬೇಡ" ಎಂದಳು ಸೊಸೆ. ಹುಡುಗನೂ ಒತ್ತಾಯಿಸಲಿಲ್ಲ. ಯಾರಾದರೂ ಒತ್ತಾಯಿಸಿದ್ದರೆ ಖಂಡಿತ ಇಳಿಯುತ್ತಿರಲಿಲ್ಲವೆಂದು ತೋರುತ್ತದೆ. ಮೀಸೆಗೆ ಹುಡುಗ ಕೊಟ್ಟ ವ್ಯಾಸಲೀನು ಹಚ್ಚಿಕೊಂಡೆ. ಎರಡು ಮೀಟರಿನಲ್ಲಿ ಹಗ್ಗ ಹಿಡಿದು ನಿಂತು, ಮಾಸ್ಕಿನೊಳಗೆ ನಾನೇ ಸ್ವಲ್ಪ ನೀರು ಬಿಟ್ಟುಕೊಂಡು ಊದಿದೆ. ಅರ್ಧ ಹೋಯಿತು, ಅರ್ಧ ಉಳಿಯಿತು. ಮತ್ತೆ ಊದಿದೆ. ಎದೆ ಡೋಲಿನಂತೆ ಬಡಿಯುತ್ತಿತ್ತು, ಆದರೆ ಗುಳ್ಳೆಗಳು ಉದ್ದಕ್ಕೆ ಹೋಗುತ್ತಿದ್ದವು. ಐದು ಮೀಟರಿಗೆ ಇಳಿದೆವು. ಒಂದು ಬಂಡೆ, ಅದರ ಮೇಲೆ ಮಿದುಳಿನಂತೆ ಮಡಿಕೆ ಮಡಿಕೆಯಾದ ಹವಳ, ಅದರ ಸಂದಿನಿಂದ ಇಣುಕುತ್ತಿದ್ದ ಕಿರುಬೆರಳಿನಷ್ಟು ಮೀನು. ಅದು ನನ್ನನ್ನು ನೋಡಿ ಒಳಗೆ ಹೋಗುವುದು, ಪುನಃ ಇಣುಕುವುದು. ಎಂಟು ನಿಮಿಷವಾಯಿತೆಂದು ಆಮೇಲೆ ತಿಳಿಯಿತು. ಸಾಕೆನಿಸಿತು. ಹೆಬ್ಬೆರಳು ತೋರಿಸಿದೆ. ಹುಡುಗ ಒಡನೆ ತನ್ನ ಹೆಬ್ಬೆರಳನ್ನೂ ತೋರಿಸಿದ, ಮೇಲೆ ಬಂದೆವು.

ರಾತ್ರಿ ಅಕ್ಕ ಫೋನು ಮಾಡಿ, "ಅಷ್ಟು ದೂರ ಹೋಗಿ ಕಂಡದ್ದೆಂತ?" ಎಂದು ಕೇಳಿದಳು. ಮೀನಿನ ಸಂಗತಿ ಹೇಳಿದೆ. ಕೆರೆಯ ಸಂಗತಿಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆ ದಿನ ದಂಡೆಯ ಮೇಲೆ ನಿಂತು ನಕ್ಕವರಲ್ಲಿ ಅವಳೂ ಒಬ್ಬಳು. ಆಗ ಅವಳಿಗೆ ಹದಿಮೂರು. "ನನ್ನನ್ನೂ ಹಾಗೇ ದೂಡಿದ್ದರು ಮಾರಾಯ. ನೀನು ನಗಲಿಲ್ಲ, ನೀನಾಗ ಸಣ್ಣವ" ಎಂದಳು.

ಈಗ ಮಂಗಳೂರಿಗೆ ಹೋದಾಗಲೆಲ್ಲ ಈಜುಕೊಳದ ಸೊಂಟ ಮಟ್ಟದ ಮೂಲೆಯಲ್ಲಿ ನಿಂತು ಮಾಸ್ಕಿಗೆ ನೀರು ತುಂಬಿ ಊದುತ್ತಿರುತ್ತೇನೆ. ಪಕ್ಕದಲ್ಲಿ ಈಜು ಕಲಿಯುವ ಪುಟ್ಟ ಮಕ್ಕಳು ನೋಡಿ ನಗುತ್ತವೆ. ಬೇಸರ ಬರುವಷ್ಟು ಅಭ್ಯಾಸ ಇನ್ನೂ ಆಗಿಲ್ಲ. ಮಳೆಗಾಲ ಮುಗಿದು ನೇತ್ರಾಣಿಯ ದೋಣಿಗಳು ಹೊರಡುವಾಗ ಮೂವರು ಬರುತ್ತೇವೆಂದು ಸೊಸೆ ಈಗಲೇ ತಿಳಿಸಿಟ್ಟಿದ್ದಾಳೆ. ಅಕ್ಕ ದೋಣಿಯಲ್ಲೇ ಕೂತಿರುತ್ತಾಳಂತೆ.